ಸೆಟೆದ ದೇಹ, ಬಡಿದ ಎದೆ

ಮುದುಕ ಹೊನ್ನಯ್ಯನ ಬೆರಳುಗಳು ಸತ್ತು ಹಲವು ಗಂಟೆಯಾದ ಹೆಣದಂತೆ ಸೆಟೆದಿದ್ದವು. ದವಡೆ ಬಿಗಿದಿತ್ತು. ಆದರೆ ಎದೆಗೆ ಅಂಟಿಸಿದ್ದ ಪಟ್ಟಿಯ ದಾಖಲೆಯಂತೆ, ಅವನ ನಾಡಿ ನಿಂತು ಒಂದು ಗಂಟೆಯೂ ಆಗಿರಲಿಲ್ಲ!

ಚರ್ಮದಂತೆಯೇ ಬಾಗುವ ತೆಳುವಾದ ಪಟ್ಟಿ ಅದು. ನಾಡಿಯನ್ನೂ ಮೈಬಿಸಿಯನ್ನೂ ನಿರಂತರವಾಗಿ ಅಳೆದು ಹಾಸಿಗೆಯ ಪಕ್ಕದ ಮೊಬೈಲಿಗೆ ಕಳುಹಿಸುತ್ತಿತ್ತು. ನಾಡಿ ನಿಂತದ್ದು—ಹನ್ನೊಂದು ಇಪ್ಪತ್ತೆಂಟಕ್ಕೆ.

ಕಣ್ಣುಗಳಲ್ಲಿ ರಕ್ತದ ಚುಕ್ಕೆಗಳಿದ್ದವು. ಯಾರೋ ಉಸಿರುಗಟ್ಟಿಸಿದ್ದರು.

ಆ ಹೊತ್ತಿಗೆ ಮನೆಯೊಳಗಿದ್ದವಳು ವಿಧವೆ ಸೊಸೆ ಪುಟ್ಟಗೌರಮ್ಮ ಒಬ್ಬಳೇ. ಕಿರಿಯ ಮಗ ಬೈರೇಶ್ ಆಗಷ್ಟೇ ಮಾಗಡಿ ಬಸ್ಸಿನಿಂದ ಇಳಿದು, ಗೋಡೆಯಾಚೆಯ ಕುರಿದೊಡ್ಡಿಯಲ್ಲಿದ್ದ. ನೆರೆಯ ಮಾರಕ್ಕ ಕಣ್ಣಾರೆ ಕಂಡಿದ್ದಳು.

"ಮಿಷಿನ್ ಸುಳ್ಳು ಯೋಳ್ತದಾ ಮೇಡಂ?" ಬೈರೇಶ್ ಕೂಗಿದ. "ಮುದುಕನ ಸೇವೆ ಸಾಕಾಗೈತೆ ಅಂತಿದ್ಲು. ಮುಗಿಸ್ಬುಟ್ಟವ್ಳೆ!"

ಪೇದೆ ದೇವರಾಜ್ ಪುಟ್ಟಗೌರಮ್ಮನತ್ತ ತಿರುಗಿದ. "ಜೀಪ್ ಹತ್ತಮ್ಮ."

"ತಾಳಿ," ಎಂದಳು ಇನ್ಸ್‌ಪೆಕ್ಟರ್ ಧನುಶ್ರೀ. "ಬೆಳಗ್ಗೆಯಿಂದ ಮಾವನನ್ನು ನೋಡಲೇ ಇಲ್ಲವೇ?"

"ಆರು ಗಂಟೆ ಬಸ್ಸಿಗೆ ಹೊರಡೋವಾಗ ಇವ್ನೇ ಯೋಳ್ದ—ಅಪ್ಪ ಈಗ ಕಣ್ಣು ಮುಚ್ಚವ್ನೆ, ಎಬ್ಬಿಸ್ಬ್ಯಾಡಿ ಅತ್ತಿಗೆ ಅಂತ."

"ಶವವನ್ನು ಮೊದಲು ಮುಟ್ಟಿದವರು?"

"ನಾನೇ ಕಣಮ್ಮ ಬಾಗ್ಲು ತೆಗ್ದಿದ್ದು," ಎಂದಳು ಮಾರಕ್ಕ. "ಬೈರ ನುಗ್ಗಿ ಅಪ್ಪನ ಎದೆ ಮ್ಯಾಲೆ ಬಿದ್ದು ಗೋಳಾಡ್ದ. ನಾಳೆ ಸೊಸೆ ಹೆಸ್ರಿಗೆ ಜಮೀನು ರಿಜಿಸ್ಟ್ರಿ ಮಾಡ್ಸೋನಿದ್ದ ಮುದ್ಕ, ಪಾಪ."

ಧನುಶ್ರೀ ದೊಡ್ಡಿಗೆ ನಡೆದಳು. ಬೈರೇಶ್ ಹಿಂದೆಯೇ ಬಂದ. ಮಂದೆ ಮೇವಿಗೆ ಹೋಗಿತ್ತು. ಒಂದು ಕರಿಕುರಿ ಮಾತ್ರ ಗೂಟದಲ್ಲಿ ಅರಚುತ್ತಿತ್ತು. ಮುಂಗಾಲಿನ ಹಿಂದೆ ಅಂಗೈಯಗಲ ಉಣ್ಣೆ ಕತ್ತರಿಸಲಾಗಿತ್ತು.

"ಇದೇಕೆ?"

"ಒಸಿ ಗಾಯ ಆಗಿತ್ತು. ಔಷಧಿ ಹಚ್ಚಿದ್ದೆ."

"ಗಾಯವೆಲ್ಲಿ?"

ಬೈರೇಶ್ ಹಗ್ಗ ಎಳೆದು ಕುರಿಯನ್ನು ಆಚೆಗೆ ತಿರುಗಿಸಿದ.

ಒಳಗೆ ಬಂದ ಧನುಶ್ರೀ ಶವದ ಎದೆಯ ಪಟ್ಟಿಯನ್ನು ಮೆಲ್ಲನೆ ಕಿತ್ತಳು. ಹೊನ್ನಯ್ಯನ ಎದೆಗೂದಲು ಪೂರ್ತಿ ನರೆತಿತ್ತು. ಅಂಟಿನಲ್ಲಿದ್ದ ಎಳೆಗಳು—ಕಪ್ಪು! ಅವಳು ಹಾಸಿಗೆಯ ಪಕ್ಕದ ಮೊಬೈಲನ್ನು ಎತ್ತಿ ಬೈರೇಶ್‌ನತ್ತ ಹಿಡಿದಳು.

"ಬೆಳಗ್ಗೆ ಐದೂ ಐವತ್ತಕ್ಕೆ ಎರಡು ನಿಮಿಷ ದಾಖಲೆಯಿಲ್ಲ. ಮೊದಲು ಚರ್ಮದ ಬಿಸಿ ಮೂವತ್ತನಾಲ್ಕು ಡಿಗ್ರಿ, ಆಮೇಲೆ ಮೂವತ್ತೆಂಟು. ಎರಡೇ ನಿಮಿಷಕ್ಕೆ ಅಷ್ಟು ಜ್ವರ ಏರುತ್ತದೆಯೇ? ಕುರಿಯ ನಾಡಿ ಹೆಚ್ಚುಕಡಿಮೆ ನಮ್ಮದೇ. ಮೈ ಮಾತ್ರ ಬಿಸಿ. ಪಟ್ಟಿಯನ್ನು ಕಿತ್ತು ಕುರಿಗೆ ಅಂಟಿಸಿ, ಅಪ್ಪನನ್ನು ಆಗಲೇ ಕೊಂದೆ. ಮರಳಿ ಬಂದು ಹನ್ನೊಂದು ಇಪ್ಪತ್ತೆಂಟಕ್ಕೆ ಕುರಿಯಿಂದ ಕಿತ್ತೆ. ಅಳುವ ನೆಪದಲ್ಲಿ ಶವಕ್ಕೆ ಒತ್ತಿದೆ. ನಾಳೆ ಜಮೀನು ಅತ್ತಿಗೆಯ ಹೆಸರಿಗೆ ನೋಂದಣಿಯಾಗಬೇಕಿತ್ತಲ್ಲವೇ, ಬೈರೇಶ್?"

ದೇವರಾಜ್ ಅವನ ರಟ್ಟೆ ಹಿಡಿದ.

ಪುಟ್ಟಗೌರಮ್ಮ ಮಾವನ ಬಿಗಿದ ಬೆರಳುಗಳನ್ನೇ ನೋಡುತ್ತಿದ್ದಳು. ಗೋಡೆಯಾಚೆ ಕುರಿ ಮತ್ತೆ ಅರಚಿತು.

"ಅದನ್ನಾರಾ ಬಿಚ್ಬುಡಿ ಮೇಡಂ," ಎಂದಳು. "ಬೆಳಗ್ಗೆಯಿಂದ ನೀರೂ ಕುಡ್ದಿಲ್ಲ."