ಮೆಟ್ಟಿಲ ದೀಪ

ಮೆಟ್ಟಿಲಿಗೆ ದೀಪವಿದ್ದಿದ್ದರೆ ಸರಸ ಸಾಯುತ್ತಿರಲಿಲ್ಲ. ಹೆಂಡತಿಯ ಸಾವಿನ ಬಗ್ಗೆ ಕಾಂತಪ್ಪನಿಗೆ ಬೇರೆ ಮಾತೇ ಬೇಕಿರಲಿಲ್ಲ.

ಆ ವರ್ಷ ವಡಪಳನಿಯ ರೇಷನ್ ಅಂಗಡಿಯಲ್ಲಿ ಮನೆಗಳಿಗೆ ಸಿಗುತ್ತಿದ್ದ ಅಗ್ಗದ ಸೀಮೆಎಣ್ಣೆ ನಿಂತುಹೋಯಿತು. ಮರುದಿನವೇ ಮನೆಯೊಡತಿ ಗೋದಾಬಾಯಿ ಮೆಟ್ಟಿಲ ಲಾಂದ್ರ ತೆಗೆದು ಒಳಗಿಟ್ಟಳು.

“ಸರ್ಕಾರವೇ ಕೈಬಿಟ್ಟಮೇಲೆ ನಾನ್ಯಾಕಪ್ಪಾ ನಿಮಗೆ ದೀಪ ಹಿಡೀಲಿ? ದೇವರು ಕಣ್ಣು ಕೊಟ್ಟಿಲ್ವಾ?”

“ಹೆಂಡ್ತಿ ಬಸುರಿ, ಅಮ್ಮಾ.”

“ಇವತ್ತು ಬಸುರಿಗೆ ದೀಪ, ನಾಳೆ ಬಾಣಂತಿಗೆ ಬಿಸಿನೀರು. ಆಮೇಲೆ ತೊಟ್ಟಿಲು ತೂಗೋಕೂ ನಾನೇ ಬರ್ಲಾ? ಪೋಪ್ಪಾ, ಕೆಲಸ ನೋಡು!”

ಹತ್ತೇ ದಿನಕ್ಕೆ ಸರಸ ನೀರಿನ ಕೊಡ ಹೊತ್ತು ಕತ್ತಲಲ್ಲಿ ಎಂಟನೆಯ ಮೆಟ್ಟಿಲಿಗೆ ಕಾಲು ಜಾರಿದಳು. ಅಂದಿನಿಂದ ಆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳುತ್ತದೆ. ಏಳು ಹೆಜ್ಜೆ, ಆಮೇಲೆ ಏನಿಲ್ಲ. ಕಾಂತಪ್ಪ ಚಾಪೆಯ ಮೇಲೆ ಎದ್ದು ಕೂತು ಎಂಟನೆಯದಕ್ಕೆ ಕಾಯುತ್ತಾನೆ.

ಅವನು ಉಡುಪಿ ಕಡೆಯವರ ಹೋಟೆಲಿನಲ್ಲಿ ಸೌದೆ ಒಲೆ ಉರಿಸುವವನು. ಬೆಂಕಿಯ ಗುಣ ಬಲ್ಲವನು. ಅಗ್ಗದ ಎಣ್ಣೆ ಹೋದಮೇಲೆ ಪೇಟೆಗೆಲ್ಲ ಕಲಬೆರಕೆ ಎಣ್ಣೆ ನುಗ್ಗಿತ್ತು, ವಾರಕ್ಕೊಂದು ಸ್ಟವ್ ಸಿಡಿಯುತ್ತಿತ್ತು. ಪೊಲೀಸರು ಬರುತ್ತಾರೆ, ಕರಿ ಹಿಡಿದ ಗೋಡೆ ನೋಡುತ್ತಾರೆ, ಎರಡು ಸಾಲು ಗೀಚಿ ಹೋಗುತ್ತಾರೆ. ಗೋದಾಬಾಯಿಯಂಥ ಒಂಟಿ ವಿಧವೆಗೆ ಮೂರನೆಯ ಸಾಲು ಯಾರು ಬರೆಯುತ್ತಾರೆ?

ಅವನು ಶುಕ್ರವಾರವನ್ನೇ ಆರಿಸಿದ. ಅಂದು ಪಲ್ಲಾವರಂ ಸಂತೆ. ಪಕ್ಕದ ಮನೆಯ ಜಯಲಕ್ಷ್ಮೀ ಮಧ್ಯಾಹ್ನವೇ ಚೀಲ ಹಿಡಿದು ಹೊರಡುತ್ತಾಳೆ. ಹೋಟೆಲಿನಲ್ಲಿ ಊಟದ ಗಿರಾಕಿ ಕರಗಿ, ಹತ್ತಿರದ ಸಿನಿಮಾ ಸ್ಟುಡಿಯೋದವರು ಕಾಫಿಗೆ ಬರುವ ತನಕ ಅವನಿಗೆ ಬಿಡುವು. ಸೌದೆ ಕೋಣೆಯಲ್ಲಿ ಮಲಗಿದ್ದಾನೆ ಎಂದೇ ಎಲ್ಲರ ಲೆಕ್ಕ.

ಗೋದಾಬಾಯಿ ಬರಿನೆಲದ ಮೇಲೆ ಮಲಗಿದ್ದಳು. ಅವನು ಮುಖಕ್ಕೆ ಒತ್ತಿದ ದಿಂಬಿನಡಿ ಒಂದೆರಡು ಸಲ ಕೊಸರಿದಳು, ಅಷ್ಟೇ. ಇಷ್ಟು ನಿತ್ರಾಣವೇ ಈ ಮುದುಕಿ, ಬಾಯಿ ಮಾತ್ರ ಅಷ್ಟುದ್ದ ಇತ್ತಲ್ಲ ಎಂದು ಅವನಿಗೇ ಸೋಜಿಗವಾಯಿತು. ಸ್ಟವ್ ಹಚ್ಚಿ, ತಪ್ಪಲೆಯಲ್ಲಿ ಅಕ್ಕಿ ಇಟ್ಟ. ಅರೆಬೆಂದ ಅನ್ನ ಕಂಡರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಕುದಿ ಬರುವುದನ್ನು ಕಾಯುತ್ತಾ ಕುಕ್ಕರಗಾಲಲ್ಲಿ ಕೂತಾಗ ಹೊರಗೆ ಹೆಜ್ಜೆ ಏರತೊಡಗಿತು. ಐದು, ಆರು, ಏಳು.

“ನಿನಗೋಸ್ಕರವೇ ಮಾರಾಯ್ತಿ,” ಎಂದು ಪಿಸುಗುಟ್ಟಿದ. ಎಂಟನೆಯದು ಬರಲಿಲ್ಲ. ಅವನು ಎಣ್ಣೆ ಸುರಿದು, ಕಡ್ಡಿ ಗೀರಿ, ಹಿತ್ತಲಿನಿಂದ ಹೊರಬಿದ್ದ.

ಸಂಜೆ ಇನ್‌ಸ್ಪೆಕ್ಟರ್ ಎರಡನೆಯ ಸಾಲು ಬರೆಯುತ್ತಿದ್ದ. ಅಷ್ಟಕ್ಕೆ ಸುಮ್ಮನಿದ್ದರಾಗುತ್ತಿತ್ತು, ಕಾಂತಪ್ಪ ತಾನಾಗಿಯೇ ಬಾಯಿ ಹಾಕಿದ: “ಬೆಳಿಗ್ಗೆಯೇ ನನ್ನ ಹತ್ರ ಹೇಳಿದ್ರು ಸಾರ್, ಮಧ್ಯಾಹ್ನ ಅನ್ನಕ್ಕಿಡ್ಬೇಕು, ಸ್ಟವ್ ಯಾಕೋ ಸರಿಯಿಲ್ಲ ಅಂತ.” ಸಂತೆಯಿಂದ ಬಂದ ಜಯಲಕ್ಷ್ಮೀ ಬಾಗಿಲಲ್ಲಿ ನಿಂತು ಅಳುತ್ತಿದ್ದವಳು ಥಟ್ಟನೆ ಅಳು ನಿಲ್ಲಿಸಿದಳು. ತಪ್ಪಲೆಯೊಳಗೆ ಬಗ್ಗಿ ನೋಡಿದಳು. “ಅನ್ನವಾ? ಇವತ್ತು ಏಕಾದಶಿ ಸಾರ್. ಗೋದಮ್ಮ ಒಲೆ ಹಚ್ಚೋದಿರಲಿ, ತೊಟ್ಟು ನೀರೂ ಮುಟ್ಟೋರಲ್ಲ. ನಲವತ್ತು ವರ್ಷದಿಂದ ಒಂದು ಏಕಾದಶಿ ತಪ್ಪಿಸಿಲ್ಲ.” ಇನ್‌ಸ್ಪೆಕ್ಟರನ ಪೆನ್ನು ನಿಂತಿತು. ಅವನು ನಿಧಾನವಾಗಿ ಕಾಂತಪ್ಪನ ಕಡೆ ತಿರುಗಿದ. ವರ್ಷವೆಲ್ಲ ಒಂದು ದಿನವೂ ಆರದ ಒಲೆಯ ಮುಂದೆ ಬೆವರು ಸುರಿಸಿದ ಕಾಂತಪ್ಪನಿಗೆ, ಅಡುಗೆಯೇ ಇಲ್ಲದ ದಿನವೊಂದು ಯಾರ ಮನೆಯಲ್ಲಾದರೂ ಇದ್ದೀತೆಂದು ಹೊಳೆದೇ ಇರಲಿಲ್ಲ.