ದೂರಿಲ್ಲದ ಚೌಡಕ್ಕನ ಮೂರು ದೋಣಿ

ಬಹಳ ಬಹಳ ಹಿಂದಿನ ಮಾತು. ಕನಕಾವತಿ ಎಂಬ ರಾಜ್ಯವನ್ನು ಒಂದು ಹೊಳೆ ಎರಡಾಗಿ ಸೀಳಿತ್ತು. ಈ ದಡದಲ್ಲಿ ಊರು, ಆ ದಡದಲ್ಲಿ ಹೊಲ. ದೋಣಿ ಇರಲಿಲ್ಲ. ಕುಹಕಾಂಗನೆಂಬ ಮಾಂತ್ರಿಕ ಕೊಟ್ಟ ಆನೆಗಾತ್ರದ ಮೀನು ಜನರನ್ನು ಬೆನ್ನ ಮೇಲೆ ಕೂರಿಸಿಕೊಂಡು ದಾಟಿಸುತ್ತಿತ್ತು. ನೂರು ವರ್ಷದಲ್ಲಿ ಒಬ್ಬರ ಕಾಲೂ ನೆನೆದಿರಲಿಲ್ಲ. ಅಂಬಿಗರ ಕೂಟದವರಿಗೆ ಎರಡೇ ಕೆಲಸ: ಮೀನಿಗೆ ಮಂಡಕ್ಕಿ ಎರಚುವುದು, ದಡದಲ್ಲಿ ಕೂತು ಹರಟುವುದು. ಪುಣ್ಯವಂತರು ಬಿಡಿ.

ಆ ಕೂಟದಲ್ಲೊಂದು ಕಟ್ಟಳೆ. ದೂರು ಇದ್ದವರು ಮಾತ್ರ ಎದ್ದು ಮಾತಾಡಬೇಕು. ಒಂದು ದಿನ ಚೌಡಕ್ಕ ಎಂಬ ಅಂಬಿಗಿತ್ತಿ ಎದ್ದು ನಿಂತಳು.

“ಏನವ್ವ ನಿನ್ನ ದೂರು?” ಕೇಳಿದ ಕೂಟದ ಯಜಮಾನ ಬೊಮ್ಮಣ್ಣ.

“ದೂರೇನೂ ಇಲ್ಲ. ನಾವು ದೋಣಿ ಕಟ್ಟೋದು ಕಲೀಬೇಕು.”

“ಮೀನಿಗೇನಾಗಿದೆ?”

“ಏನೂ ಆಗಿಲ್ಲ. ಅದಕ್ಕೇ ಈಗ ಕಲೀಬೇಕು. ಇವತ್ತು ಮುಳುಗಿದರೆ ನೀವು ನಗ್ತೀರಿ, ಅಷ್ಟೆ. ಮೀನು ಹೋದ ದಿನ ಮುಳುಗಿದರೆ ಅಳ್ತೀರಿ.”

ಇರಲಾರದೆ ಇರುವೆ ಬಿಟ್ಟುಕೊಂಡಳು ಎಂದು ಕೂಟವೆಲ್ಲ ನಕ್ಕಿತು. ಕಟ್ಟಳೆ ಮುರಿದದ್ದಕ್ಕೆ ಬೊಮ್ಮಣ್ಣ ತೀರ್ಪು ಕೊಟ್ಟ. ಅವಳು ಮೂರು ದೋಣಿ ಕಟ್ಟಬಹುದು. ಮೂರೂ ಮುಳುಗಿದರೆ ಊರು ಬಿಟ್ಟು ಹೋಗಬೇಕು. ಹೊಳೆ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಹೆಣ್ಣು ಅವಳು. ಆದರೂ ಆಗಲಿ ಎಂದಳು.

ಮೊದಲ ದೋಣಿ ದಡ ಬಿಡುತ್ತಲೇ ಸಂದಿಯಲ್ಲಿ ನೀರು ಕುಡಿದು ಮುಳುಗಿತು. ಈಜಿ ಬಂದ ಚೌಡಕ್ಕ ಸಂದಿಗೆ ರಾಳ ಮೆತ್ತುವುದು ಕಲಿತಳು. ಎರಡನೆಯದು ನಡುಹೊಳೆ ಮುಟ್ಟಿತು. ಅಲ್ಲಿದ್ದ ಎರಡು ತಲೆಯ ಮೊಸಳೆ ಹೆದರುತ್ತಿದ್ದದ್ದು ಆ ದೊಡ್ಡ ಮೀನೊಂದಕ್ಕೇ; ದೋಣಿಯನ್ನು ಹಪ್ಪಳದ ಹಾಗೆ ಕಡಿಯಿತು. ಹೇಗೋ ಬಂಡೆ ಹತ್ತಿದ ಅವಳು ಏಳು ದಿನ ಅಲ್ಲೇ ಕೂತು ಮೊಸಳೆಯನ್ನೇ ನೋಡಿದಳು. ಒಂದು ತಲೆ ಮಲಗಿದರೆ ಇನ್ನೊಂದು ಎಚ್ಚರ. ನಡುಮಧ್ಯಾಹ್ನ ಮಾತ್ರ ಎರಡಕ್ಕೂ ಗೊರಕೆ. ಆ ಹೊತ್ತಲ್ಲೇ ಈಜಿ ದಡ ಸೇರಿದಳು, ಮೂರನೆಯ ದೋಣಿಯನ್ನೂ ನಡುಮಧ್ಯಾಹ್ನವೇ ಇಳಿಸಿದಳು. ಅದು ಆ ದಡ ಮುಟ್ಟಿ ವಾಪಸ್ಸು ಬಂತು.

ನಗುತ್ತಿದ್ದವರೇ ಒಬ್ಬೊಬ್ಬರಾಗಿ ಹುಟ್ಟು ಹಿಡಿಯಲು ಬಂದರು. ಕಡೆಗೆ ಬೊಮ್ಮಣ್ಣನೂ ಅಂಗೈ ಬೊಬ್ಬೆ ತೋರಿಸಿ ಗೊಣಗುತ್ತಲೇ ಕಲಿತ.

ಮರುವರ್ಷದ ಸುಗ್ಗಿಯಲ್ಲಿ, ಕೊಯ್ದ ಪೈರೆಲ್ಲ ಆ ದಡದಲ್ಲಿ ಬಿದ್ದಿರುವಾಗ, ಕುಹಕಾಂಗ ಬಂದು ಮೀನನ್ನು ಸರಪಳಿಯಲ್ಲಿ ಕಟ್ಟಿಹಾಕಿದ.

“ಕಾಲಿಗೆ ಬಿದ್ದು ಬೇಡಿಕೊಳ್ಳಿ. ರಾಜ್ಯ ಕೊಡಿ, ಮೀನು ಬಿಡ್ತೀನಿ” ಎಂದ. ನೂರು ವರ್ಷ ಇದಕ್ಕೇ ಕಾದಿದ್ದ ಭೂಪ. ಜನ ಬೇಡಿಕೊಂಡಷ್ಟೂ ಅವನ ಮಾಯೆ ಬೆಳೆಯುತ್ತಿತ್ತು, ಅವನು ಬೇಡಿಕೊಳ್ಳಿ ಎಂದಾಗ ಯಾರೂ ಬೇಡದಿದ್ದರೆ ಅವನೇ ಇಲ್ಲ.

ಬೊಮ್ಮಣ್ಣ ಹುಟ್ಟನ್ನು ಹೆಗಲಿಗೇರಿಸಿದ. “ಸ್ವಲ್ಪ ಪಕ್ಕಕ್ಕೆ ನಿಲ್ಲಪ್ಪ. ಮಧ್ಯಾಹ್ನವಾಯ್ತು, ದೋಣಿ ಇಳಿಸಬೇಕು.”

ಹನ್ನೆರಡು ದೋಣಿ ಸಾಲಾಗಿ ಹೊರಟವು. ಯಾರೂ ಬೇಡಲಿಲ್ಲ. ಮಾಂತ್ರಿಕ ನಿಂತಲ್ಲೇ ಬೆಲ್ಲದಚ್ಚಿನ ಹಾಗೆ ಕರಗಿ ಹೊಳೆ ಸೇರಿದ. ಸರಪಳಿ ಕಳಚಿತು, ಮೀನು ಸಮುದ್ರದ ಕಡೆ ಹೊರಟಿತು.

ಸುಗ್ಗಿಯ ಊಟ ಮುಗಿಸಿ ತೇಗಿದ ಬೊಮ್ಮಣ್ಣ, “ಸದ್ಯ, ಇನ್ನು ಯಾವ ತಾಪತ್ರಯವೂ ಇಲ್ಲ” ಎಂದ.

“ಹೌದು. ಹಾಗಾದರೆ ನಾಳೆಯಿಂದ ಸೇತುವೆ ಕಟ್ಟೋಣ” ಎಂದಳು ಚೌಡಕ್ಕ.

ಬೊಮ್ಮಣ್ಣ ಗೊಣಗುತ್ತಲೇ ಎದ್ದು ಮರ ಕಡಿಯುವ ಕೊಡಲಿ ಹುಡುಕಲು ಹೋದ. ಅಂದಿನಿಂದ ಊರೆಲ್ಲ ಸುಖವಾಗಿತ್ತು, ಅವನ ಸೊಂಟವೊಂದನ್ನು ಬಿಟ್ಟು.