ಕಿರಂಗೂರಿನ ಹಾರ್ಡ್ ಡಿಸ್ಕ್

2025ರ ಫೆಬ್ರವರಿ 17, ಸೋಮವಾರ, ಬೆಳಿಗ್ಗೆ 10.40. ಕಿರಂಗೂರಿನ ಪುಟ್ಟತಾಯಮ್ಮ ಶ್ರೀರಂಗಪಟ್ಟಣ ಠಾಣೆಗೆ ಬಂದು, ಮಗಳ ಫೋಟೋಗಳು ಕಳುವಾಗಿವೆ ಎಂದು ದೂರು ಹೇಳಿದರು.

ಹೆಡ್ ಕಾನ್‌ಸ್ಟೆಬಲ್ ನರಸಯ್ಯ ಪೆನ್ನು ನಿಲ್ಲಿಸಿ ನಕ್ಕರು. "ಫೋಟೋನ ಯಾರವ್ವ ಕದೀತಾರೆ? ಎಲ್ಲೋ ಮಡಗಿ ಮರ್ತಿದ್ದೀಯ, ಓಗಿ ನೋಡು."

"ಮರ್ತಿಲ್ಲ ಕಣಪ್ಪ. ಬೀರುನಲ್ಲಿ ಸೀರೆ ಕೆಳಗೆ ಮಡಗಿದ್ದೆ. ಡಬ್ಬಿ ಅದೆ, ಒಳಗಿನ ಡಿಸ್ಕಿಲ್ಲ. ನನ್ ಮಗಳು ಇರೋದೇ ಅದ್ರಲ್ಲಿ."

ಒಳಗಿದ್ದ ಇನ್‌ಸ್ಪೆಕ್ಟರ್ ಚಂದ್ರಕಲ ಎದ್ದು ಬಂದು ಮುದುಕಿಯನ್ನು ಕೂರಿಸಿ ಕೇಳಿದರು.

ಮಗಳು ಪವಿತ್ರ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಉಳಿಯುವುದಿಲ್ಲವೆಂದು ಗೊತ್ತಾದ ಮೇಲೆ ತವರಿಗೆ ಬಂದವಳು, ಹಾಸಿಗೆಯಲ್ಲಿ ಒರಗಿಕೊಂಡೇ ತನ್ನ ಹನ್ನೊಂದು ಸಾವಿರ ಫೋಟೋಗಳನ್ನು ವರ್ಷವಾರು ಜೋಡಿಸಿ, ಯಾರು ಯಾರೆಂದು ಹೆಸರು ಬರೆದಿದ್ದಳು. ಆಗ ಅವಳ ಮಗಳು ಶ್ವೇತಳಿಗೆ ಮೂರು ವರ್ಷ. ಹಾರ್ಡ್ ಡಿಸ್ಕಿಗೆ ಹಾಕಿದ ಒಂದು ಪ್ರತಿ ಅವ್ವನ ಬೀರುವಿನಲ್ಲಿ, ಇನ್ನೊಂದು ಮದುವೆಗೆ ಫೋಟೋ ತೆಗೆದಿದ್ದ ಪಾಂಡವಪುರದ ಸ್ಟುಡಿಯೋದ ಲೋಕೇಶನ ಬಳಿ, ಮತ್ತೊಂದು ಆನ್‌ಲೈನ್ ಖಾತೆಯಲ್ಲಿ. 'ಒಂದು ಓದ್ರೂ ಇನ್ನೊಂದಿರ್ತದೆ ಕಣವ್ವ' ಎಂದಿದ್ದಳಂತೆ. ಭಾನುವಾರ ಅಜ್ಜಿ, ಮೊಮ್ಮಗಳು ಟಿವಿಗೆ ಹಾಕಿಕೊಂಡು ನೋಡುವುದು ರೂಢಿ. ನಿನ್ನೆ ಡಬ್ಬಿ ತೆರೆದರೆ ಖಾಲಿ.

"ಈಚೆಗೆ ಮನೆಗೆ ಯಾರು ಬಂದಿದ್ದರು?"

"ಇಂದ್ಲ ಭಾನುವಾರ, ಒಂಬತ್ನೇ ತಾರೀಕು, ಅಳಿಯ ಬಂದಿದ್ದ. ಮಗೀಗೆ ಮೈಸೂರ್ ಪಾಕ್ ತಂದಿದ್ದ. ನಾನು ಆಲು ಕರೆಯಕ್ಕೆ ಕೊಟ್ಟಿಗೆಗೆ ಓಗಿದ್ದೆ."

"ಅವರ ಮೇಲೆ ಅನುಮಾನವೇ?"

"ಥೂ, ಬುಡ್ತು ಅನ್ನಿ. ಮಗೀನ ತಂದೆ ಅವ್ನು."

11.30ಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಕಿರಂಗೂರಿನ ಮನೆಯಲ್ಲಿ ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಬೀರುವಿನ ಓಲೆ, ಜುಮಕಿ ಇದ್ದಲ್ಲೇ ಇದ್ದವು. ಅವನ್ನು ಬಿಟ್ಟು ಡಿಸ್ಕ್ ಒಂದನ್ನೇ ಒಯ್ದ ಕಳ್ಳ ಹೊರಗಿನವನಲ್ಲ ಎಂದು ಚಂದ್ರಕಲರಿಗೆ ಅನ್ನಿಸಿತು.

ಅದೇ ಬೀರುವಿನಲ್ಲಿದ್ದ ಪವಿತ್ರಳ ನೋಟ್‌ಬುಕ್ಕಿನಲ್ಲಿ ಖಾತೆಯ ಪಾಸ್‌ವರ್ಡ್ ಬರೆದಿತ್ತು. ಠಾಣೆಯ ಕಂಪ್ಯೂಟರಿನಲ್ಲಿ ತೆರೆದರೆ ಒಂದೂ ಫೋಟೋ ಇಲ್ಲ. ಅಳಿಸಿದ್ದನ್ನು ಕೆಲವು ದಿನ ಉಳಿಸಿಡುವ ಕಸದ ಬುಟ್ಟಿಯನ್ನೂ ಬರಿದು ಮಾಡಿದ್ದರು. ಖಾತೆ ಕೊನೆಯ ಸಲ ತೆರೆದದ್ದು ಫೆಬ್ರವರಿ 10ರ ಸಂಜೆ 7.15ಕ್ಕೆ, ಒಂದು ಮೊಬೈಲಿನಿಂದ. ಸ್ಥಳ: ಕೃಷ್ಣರಾಜಪೇಟೆ.

"ಅಳಿಯ ಇರೋದು ಕೆಆರ್ ಪೇಟೆ ಅಲ್ವಾ ಮೇಡಂ?" ಎಂದರು ನರಸಯ್ಯ. ಬೆಳಿಗ್ಗೆ ನಕ್ಕಿದ್ದ ಮುಖ ಈಗ ನಗುತ್ತಿರಲಿಲ್ಲ.

ಫೆಬ್ರವರಿ 18, ಬೆಳಿಗ್ಗೆ 9.30, ಪಾಂಡವಪುರ. ಲೋಕೇಶ ಆಗಷ್ಟೇ ಸ್ಟುಡಿಯೋದ ಶಟರ್ ಎತ್ತಿದ್ದ.

"ಪವಿತ್ರಳ ಡಿಸ್ಕ್ ಎಲ್ಲಿ?"

"ಅವ್ರೆಜಮಾನ್ರು ರಘುನಂದನ್ ಬಂದು ಇಸ್ಕೊಂಡೋದ್ರು ಮೇಡಂ. ಅನ್ನೊಂದನೇ ತಾರೀಕು. ಮಗು ಕೇಳ್ತದೆ ಅಂದ್ರು."

"ನಿನ್ನ ಹತ್ತಿರ ಬೇರೆ ಪ್ರತಿ?"

"ಇತ್ತು. ಕಂಪ್ಯೂಟರ್‌ನಲ್ಲಿರೋದ್ನೂ ಅಳಿಸ್ಬುಡು, ನೋಡುದ್ರೆ ಸಂಕಟ ಆಯ್ತದೆ ಅಂದ್ರು. ಮುಂದೇನೇ ಕೂತು ನನ್ ಕೈಲೇ ಅಳಿಸಿದ್ರು. ಗಂಡ ಕೇಳ್ದಾಗ ಇಲ್ಲ ಅನ್ನಕ್ಕಾಯ್ತದಾ?"

ಒಂಬತ್ತಕ್ಕೆ ಬೀರು, ಹತ್ತಕ್ಕೆ ಖಾತೆ, ಹನ್ನೊಂದಕ್ಕೆ ಸ್ಟುಡಿಯೋ. ಜೀಪು ಹತ್ತಿದ ಚಂದ್ರಕಲರಿಗೆ ಬಾಯೆಲ್ಲ ಕಹಿಯಾದಂತಿತ್ತು. ಕೊಲೆ ಕೇಸುಗಳಲ್ಲೂ ಹೀಗೆ ಅನ್ನಿಸಿದ್ದು ಕಡಿಮೆ.

ಕೆಆರ್ ಪೇಟೆಯಲ್ಲಿ ರಘುನಂದನ್ ಕೆಲಸ ಮಾಡುತ್ತಿದ್ದ ಬಿತ್ತನೆ ಬೀಜದ ಅಂಗಡಿಯ ಮಾಲೀಕ, ಹುಡುಗ ಒಂದೂವರೆ ವರ್ಷದ ಹಿಂದೆ ಬೇರೆ ಊರಿಂದ ಬಂದು ಸೇರಿದವನೆಂದೂ, ರಜೆ ಹಾಕಿದ್ದಾನೆಂದೂ ಹೇಳಿ ಒಂದು ಲಗ್ನಪತ್ರಿಕೆ ಮುಂದಿಟ್ಟ. ಮಾರ್ಚ್ 2, ನಾಗಮಂಗಲ. ವಧು ರಮ್ಯ, ಮಾಯಣ್ಣನವರ ಮಗಳು. "ಇವತ್ತು ಅಲ್ಲೇ ಇರ್ತಾನೆ. ಪತ್ರಿಕೆ ಅಂಚಕ್ಕೆ ಓಗವ್ನೆ."

ಮಧ್ಯಾಹ್ನ 3.20. ನಾಗಮಂಗಲದ ಮಾಯಣ್ಣನ ಮನೆಯ ಜಗುಲಿಯಲ್ಲಿ ರಘುನಂದನ್ ಕಾಫಿ ಕುಡಿಯುತ್ತಿದ್ದ. ಪೊಲೀಸರನ್ನು ಕಂಡು ಲೋಟ ಕೆಳಗಿಟ್ಟ.

"ನಿಮ್ಮ ಹೆಂಡತಿಯ ಫೋಟೋಗಳು ಎಲ್ಲಿ?" ಚಂದ್ರಕಲ ನಿಂತೇ ಕೇಳಿದರು.

"ಯಾರ್ ಎಂಡ್ತಿ?" ಎಂದದ್ದು ಮಾಯಣ್ಣ.

"ಇವರದು. ಪವಿತ್ರ. ಎರಡು ವರ್ಷದ ಹಿಂದೆ ತೀರಿಕೊಂಡರು. ಐದು ವರ್ಷದ ಮಗಳಿದ್ದಾಳೆ."

"ಯಾರನ್ನೋ ಅನ್ಕೊಂಡು ಬಂದಿದ್ದೀರ ಮೇಡಂ," ಎಂದ ರಘುನಂದನ್. "ನಂಗೆ ಮದುವೇನೇ ಆಗಿಲ್ಲ."

"ಶ್ವೇತ ಯಾರು?"

"ಗೊತ್ತಿಲ್ಲ."

ದನಿ ನಡುಗಲಿಲ್ಲ. ಅದೇ ಚಂದ್ರಕಲರಿಗೆ ಹೇಸಿಗೆ ತರಿಸಿತು. ಒಂಬತ್ತು ದಿನದ ಹಿಂದೆ ಅದೇ ಮಗುವಿಗೆ ಸಿಹಿ ಕೊಟ್ಟು, ಬೀರು ತೆರೆದವನು ಇವನು.

ಒಳಗಿನಿಂದ ರಮ್ಯ ಬಂದಳು. ಕೈಯಲ್ಲಿದ್ದ ಮೊಬೈಲನ್ನು ಇನ್‌ಸ್ಪೆಕ್ಟರಿಗೆ ಕೊಟ್ಟಳು. "ಸಂಬಂಧ ಕೇಳ್ವಾಗ ಇವ್ರು ಕಳ್ಸಿದ್ ಫೋಟೋ. ತೋಳ್ ಮೇಲೆ ಯಾರ್ದೋ ಕೈ ಅದೆ ನೋಡಿ. ಯಾರ್ದು ಅಂದಿದ್ದಕ್ಕೆ ನಮ್ಮಕ್ಕನ್ದು ಅಂದ್ರು."

ಹಸಿರು ಬಳೆ ತೊಟ್ಟ ಕೈ. ಮಣಿಕಟ್ಟಿನಿಂದಾಚೆಗೆ ಚಿತ್ರ ಕತ್ತರಿಸಿತ್ತು.

"ನಿನಗೆ ಅಕ್ಕ ಇದ್ದಾಳೇನಯ್ಯ?" ಚಂದ್ರಕಲ ರಘುನಂದನ್‌ನತ್ತ ತಿರುಗಿದರು.

ಮಾಯಣ್ಣ ಎದ್ದು ಅವನ ಎದುರಿಂದ ಕಾಫಿ ಲೋಟ ತೆಗೆದು, ಉಳಿದದ್ದನ್ನು ಅಂಗಳಕ್ಕೆ ಚೆಲ್ಲಿದರು. "ಕರ್ಕೊಂಡೋಗಿ ಮೇಡಂ. ನನ್ ಕೈ ಕೆಡೋಕ್ ಮುಂಚೆ ಕರ್ಕೊಂಡೋಗಿ."

4.10ಕ್ಕೆ ದಸ್ತಗಿರಿಯಾಯಿತು.

ಸಂಜೆ ಅವನೇ ತನ್ನ ಬಾಡಿಗೆ ಮನೆಯ ಹಿಂದಿನ ತಿಪ್ಪೆಯನ್ನು ತೋರಿಸಿದ. ಕೊಳೆತ ಸಗಣಿ, ಕೋಳಿ ಪುಕ್ಕ, ಹಳಸಿದ ಅನ್ನದ ನಾತಕ್ಕೆ ಪಂಚರು ಮೂಗು ಮುಚ್ಚಿಕೊಂಡರು. ನರಸಯ್ಯ ಪ್ಯಾಂಟು ಮಡಚಿ ತಾವೇ ಸನಿಕೆ ಹಿಡಿದರು. ಎರಡು ಡಿಸ್ಕುಗಳೂ ಸಿಕ್ಕವು; ಹಾರೆಯಿಂದ ಕುಟ್ಟಿದ್ದಕ್ಕೆ ತಗಡು ನಜ್ಜುಗುಜ್ಜಾಗಿತ್ತು. ಪಕ್ಕದಲ್ಲೇ ಅರ್ಧ ಸುಟ್ಟ ಮದುವೆ ಆಲ್ಬಮ್ಮಿನ ರಟ್ಟು.

"ಮೂರು ಕಡೆ ಸಂಬಂಧ ಮುರುದೋಯ್ತು," ಎಂದು ರಘುನಂದನ್ ಹೇಳಿಕೆ ಕೊಟ್ಟ. "ಎರಡ್ನೇದು, ಮೇಲೊಂದ್ ಮಗು ಅಂದ್ರೆ ಯಾರೂ ಒಪ್ಪಲ್ಲ. ಮೊದ್ಲನೇದು ಆಗೇ ಇಲ್ಲ ಅಂದ್ಬುಟ್ರೆ ಸರಿಯೋಯ್ತದೆ ಅನ್ಕಂಡೆ."

"ಮಗು?"

"ಅಜ್ಜಿತಾವ ಇರ್ತದಲ್ಲ ಮೇಡಂ. ಚಿಕ್ಕದು, ಮರ್ತೋಯ್ತದೆ."

ನರಸಯ್ಯ ಹೊರಗೆ ಹೋಗಿ ಉಗಿದು ಬಂದರು. ಹೇಳಿಕೆಯಲ್ಲಿ ಆ ಮಾತನ್ನು ಇದ್ದಂತೆಯೇ ಬರೆದರು.

ಏಪ್ರಿಲ್ 22ಕ್ಕೆ ಪ್ರಯೋಗಾಲಯದ ವರದಿ ಬಂತು. ಡಿಸ್ಕುಗಳಿಂದ ಏನನ್ನೂ ತೆಗೆಯಲಾಗಲಿಲ್ಲ. ಖಾತೆಯಿಂದ ಅಳಿದದ್ದೂ ಮರಳುವಂತಿರಲಿಲ್ಲ. ನೆಂಟರ ಮೊಬೈಲುಗಳಲ್ಲಿ ಹುಡುಕಿಸಿದಾಗ ಪವಿತ್ರ ಗುಂಪಿನಲ್ಲಿ ಮಸುಕಾಗಿ ನಿಂತ ಎರಡು ಫೋಟೋ ಸಿಕ್ಕಿದ್ದವು, ಅಷ್ಟೆ. ಆದರೆ ರಘುನಂದನ್‌ನ ಮೊಬೈಲಿನಲ್ಲಿ, ರಮ್ಯಳಿಗೆ ಕಳಿಸಿದ್ದ ಆ ಚಿತ್ರ ಇತ್ತು. ತಾನು ಚೆನ್ನಾಗಿ ಬಂದಿದ್ದೇನೆಂದು ಉಳಿಸಿಕೊಂಡಿದ್ದ. ಅವನು ಕತ್ತರಿಸಿದ್ದರೂ ಮೊಬೈಲು ಮೂಲ ಚಿತ್ರವನ್ನು ಹಾಗೇ ಇಟ್ಟುಕೊಂಡಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಕಾವೇರಿ ದಂಡೆ. ಗಾಳಿಗೆ ಸೆರಗು ಹಾರುತ್ತಿದೆ. ಪವಿತ್ರ ಅವನ ತೋಳ ಮೇಲೆ ಕೈಯಿಟ್ಟು ಬಾಯ್ತುಂಬ ನಗುತ್ತಿದ್ದಾಳೆ.

ಚಂದ್ರಕಲ ಅದರ ಪ್ರತಿಯನ್ನು ಮುದ್ರಿಸಿ ಪುಟ್ಟತಾಯಮ್ಮನ ಕೈಗಿಟ್ಟರು. ಮುದುಕಿ ಬಹಳ ಹೊತ್ತು ನೋಡಿದರು.

"ಇವನನ್ನ ಕತ್ತರಿಸ್ಬುಟ್ಟು ಕೊಡ್ಲಾ ಅವ್ವ?" ನರಸಯ್ಯ ಮೆಲ್ಲಗೆ ಕೇಳಿದರು.

"ಬ್ಯಾಡ ಬುಡಪ್ಪ. ಕತ್ತರ್ಸಕ್ಕೋದ್ರೆ ಅವಳ ಕೈ ಓಯ್ತದೆ."

ಅವನ ಮುಖದ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದುಕೊಂಡೇ ಅವರು ಠಾಣೆಯ ಮೆಟ್ಟಿಲಿಳಿದರು.